ದಂಡೆಯ ದಾರಿ

ಹಂಪೆಯಲ್ಲಿ ವಿರೂಪಾಕ್ಷನಿಂದ ವಿಠ್ಠಲನಿಗೆ ಸುಮಾರು 2 ಕಿಲೋಮೀಟರು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ತುಂಗಭದ್ರೆ. ನಿಂತದ್ದಕ್ಕೂ ಹರಿವುದಕ್ಕೂ ನಡುವೆ ಮನುಷ್ಯನಿಗೆ ದಕ್ಕಿದ್ದು ಕಾಲಿಡುವಷ್ಟು ಜಾಗ.

ವಿಜಯನಗರ ಹುಟ್ಟಿದ್ದು 1336ರಲ್ಲಿ ಎನ್ನುತ್ತಾರೆ; ಹಾಳುಬಿದ್ದದ್ದು 1565ರಲ್ಲಿ. ಕಾಲುದಾರಿಗೆ ಹುಟ್ಟಿದ ವರ್ಷವೂ ಇಲ್ಲ, ಸತ್ತ ವರ್ಷವೂ ಇಲ್ಲ.

ಕೋಟೆ ಕಾದರೆ ಉಳಿಯುತ್ತದೆ. ದಾರಿ ಸವೆದರೆ ಉಳಿಯುತ್ತದೆ. ತುಳಿಯದ ದಾರಿಯನ್ನು ಒಂದೇ ಮಳೆಗಾಲದ ಹುಲ್ಲು ನುಂಗುತ್ತದೆ.

ಚಕ್ರತೀರ್ಥದಲ್ಲಿ ಹೊಳೆ ಉತ್ತರಕ್ಕೆ ತಿರುಗುತ್ತದೆ. ಬಂಡೆ ಸೋಲಲಿಲ್ಲ, ನೀರು ನಿಲ್ಲಲಿಲ್ಲ. ಎರಡೂ ಒಪ್ಪಿದ ತಾಣ ತೀರ್ಥವಾಯಿತು.

ಬಂಡೆಯ ಹಾಸಿನ ಮೇಲೆ ಕೋಟಿಲಿಂಗ. ನೀರೇರಿದಾಗ ಹೊಳೆಯೇ ಅಭಿಷೇಕ ಮಾಡುತ್ತದೆ. ಪೂಜಾರಿಯಿಲ್ಲದ ದೇವರಿಗೂ ಪೂಜೆ ತಪ್ಪಿಲ್ಲ.

ಕಡಲು ಹಾರಿದ ಹನುಮ ಇಲ್ಲಿ ಯಂತ್ರದ ನಡುವೆ ಪದ್ಮಾಸನ ಹಾಕಿದ್ದಾನೆ. ಯತಿ ವ್ಯಾಸರಾಯರ ಪ್ರತಿಷ್ಠೆಯೆಂದು ನಂಬುಗೆ. ಕೂರಬಲ್ಲವನ ನೆಗೆತವೇ ನೆಗೆತ.

ಹಾದಿಬದಿಯ ಬಂಡೆಗಳಲ್ಲಿ ಸಾಲಾಗಿ ಉಳಿಯ ಗುಳಿಗಳು. ಸೀಳುವ ಮುನ್ನವೇ ಕೆಲಸ ನಿಂತಿದೆ. ಗುಡಿಯಲ್ಲಿ ಅರಸನ ಹೆಸರು. ಬಂಡೆಯಲ್ಲಿ ಕಲ್ಲುಕುಟಿಗನ ಏಟು.

ಸುಗ್ರೀವ ಗುಹೆಯ ಬಳಿ ಬಂಡೆಯ ಮೇಲೊಂದು ಗೆರೆ. ಸೀತೆಯ ಸೆರಗಿನ ಗುರುತೆಂದು ಜನ ಕೈಮುಗಿಯುತ್ತಾರೆ. ಗೆರೆ ಕಲ್ಲಿನದು, ಮರುಕ ಜನರದು.

ಹಳೆಯ ಸೇತುವೆ ಮುರಿದು ಕಂಬಗಳಷ್ಟೇ ಹೊಳೆಯಲ್ಲಿ ನಿಂತಿವೆ. ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಕಂಡ, ಬುಟ್ಟಿಯಂಥ ಹರಿಗೋಲು ಇಂದಿಗೂ ತೇಲುತ್ತಿದೆ. ಹೊಳೆಗೆ ಅಡ್ಡ ನಿಂತದ್ದು ಮುರಿಯಿತು. ಹೊಳೆಯೊಡನೆ ಸುತ್ತಿದ್ದು ದಡ ಸೇರಿತು.

ಅರಮನೆಗಳನ್ನು ಹೊಳೆ ಮುಟ್ಟಲಿಲ್ಲ. ಆದರೂ ಉಳಿದದ್ದು ಅಡಿಪಾಯ. ಪುರಂದರ ಮಂಟಪ ಹೊಳೆ ತುಂಬಿದಾಗಲೆಲ್ಲ ಮುಳುಗುತ್ತದೆ. ನೀರಿಳಿದರೆ ಇದ್ದಲ್ಲೇ ಇದೆ. ಎಲ್ಲ ಬಿಟ್ಟು ದಾಸನಾದವನ ಮಂಟಪದಿಂದ ಹೊಳೆ ಒಯ್ಯುವುದೇನು?

ಅರಸನನ್ನು ಚಿನ್ನಕ್ಕೆ ತೂಗಿದ ತುಲಾಭಾರದ ಕಂಬಗಳು ಇನ್ನೂ ಇವೆ. ಅರಸನಿಲ್ಲ, ಚಿನ್ನವಿಲ್ಲ, ತಕ್ಕಡಿಯಿಲ್ಲ. ಕೊಟ್ಟದ್ದಷ್ಟೇ ತೂಕಕ್ಕೆ ಬಂತು.

ವಿಠ್ಠಲನ ಅಂಗಳದಲ್ಲಿ ಕಲ್ಲಿನ ರಥ. ಹಾರುವ ಗರುಡನಿಗೆ ಅಲುಗದ ಗುಡಿ. ತೇರಿಗೆ ಗಾಲಿಯಿದೆ, ದಾರಿಯಿಲ್ಲ. ಬಡವನಿಗೆ ದಾರಿಯಿದೆ, ಕಾಲೇ ಗಾಲಿ.

ಲೋಕ ಈ ನೆಲವನ್ನು ವಿಶ್ವ ಪರಂಪರೆಯ ತಾಣವೆಂದದ್ದು 1986ರಲ್ಲಿ. ಬುತ್ತಿ ಕಟ್ಟಿಕೊಂಡು ಬಂದವರು ಅದಕ್ಕೆ ಬಹುಮೊದಲೇ ಇಲ್ಲಿ ಚಪ್ಪಲಿ ಕಳಚಿ ನಡೆದಿದ್ದರು.

ನೋಡಲು ಬಂದವನು ದೂರವನ್ನು ಅಳೆಯುತ್ತಾನೆ; ಹರಕೆ ಹೊತ್ತು ಬಂದವನು ದೂರವನ್ನು ಕೇಳುವುದೇ ಇಲ್ಲ.

ವಿಠ್ಠಲನ ಕಡೆಗೆ ನಡೆವಾಗ ಹೊಳೆ ಜೊತೆಗೆ ಬರುತ್ತದೆ. ಮರಳುವಾಗ ಎದುರಾಗುತ್ತದೆ. ದೇವರವರೆಗೆ ಸಂಗಾತಿ ಸಿಕ್ಕೀತು; ಮನೆಗೆ ನಾವೇ ನಡೆಯಬೇಕು.