ಚದರಿದ ಮನೆಗಳೂ ಒಂದೇ ಕಹಳೆಯೂ

ಓದತಕ್ಕ ಭಾಗ: ನೆಹೆಮೀಯನ ಗ್ರಂಥ, 4ನೆಯ ಅಧ್ಯಾಯ



ನೆಹೆಮೀಯನು ಯೆರೂಸಲೇಮಿನ ಹಾಳುಬಿದ್ದ ಗೋಡೆಯನ್ನು ತಿರಿಗಿ ಕಟ್ಟಿಸುತ್ತಿದ್ದ ಕಾಲದಲ್ಲಿ ಜನರಿಗೆ ಹೊರಗೆ ಶತ್ರುಗಳ ಭಯವಿತ್ತು. ಒಳಗೆ ಹೊರೆಹೊರುವವರ ಆಯಾಸವಿತ್ತು. ಇವೆರಡಕ್ಕೂ ಕೂಡಿ ಇನ್ನೊಂದು ಕಷ್ಟವಿತ್ತು. ಗೋಡೆಯು ಬಹಳ ಉದ್ದವಾದದ್ದು. ಆದಕಾರಣ ಒಬ್ಬೊಬ್ಬನು ತನ್ನ ನೆರೆಯವನಿಗೆ ದೂರವಾಗಿ ನಿಂತು ಕೆಲಸಮಾಡಬೇಕಾಯಿತು. ದೂರ ನಿಂತವನ ಮೇಲೆ ಶತ್ರು ಬಿದ್ದರೆ ಅವನನ್ನು ಕಾಯುವವರಾರು? ಈ ಅಪಾಯವನ್ನು ಕಂಡ ನೆಹೆಮೀಯನು ಕಹಳೆ ಊದುವವನನ್ನು ತನ್ನ ಬಳಿಯಲ್ಲಿ ಇರಿಸಿಕೊಂಡನು. ಕಹಳೆಯ ಶಬ್ದವು ಎಲ್ಲಿಂದ ಕೇಳಿಸುವದೋ ಅಲ್ಲಿಗೆ ಎಲ್ಲರೂ ಓಡಿಬರಬೇಕೆಂದು ಕಟ್ಟಳೆಮಾಡಿದನು. ದೇವರು ತಮಗೋಸ್ಕರ ಯುದ್ಧಮಾಡುವನೆಂಬ ನಂಬಿಕೆ ಅವನಿಗಿತ್ತು. ಆದಾಗ್ಯೂ ಕಹಳೆ ಬೇಡವೆಂದು ಅವನು ಹೇಳಲಿಲ್ಲ.

ಈ ಮಾತನ್ನು ಓದುವಾಗ ಪುತ್ತೂರು, ಸುಳ್ಯ, ಕಡಬ ಸೀಮೆಯವರಿಗೆ ತಮ್ಮ ಊರೇ ಕಣ್ಣ ಮುಂದೆ ಬರುವದು. ಘಟ್ಟದ ಮೇಲಣ ಊರುಗಳಲ್ಲಿ ಮನೆಗೆ ಮನೆ ತಗಲಿ ಬೀದಿಗಳಾಗಿರುತ್ತವೆ. ನಮ್ಮಲ್ಲಿ ಹಾಗಲ್ಲ. ಕಣಿವೆಗೊಂದು ಅಡಿಕೆ ತೋಟ, ತೋಟಕ್ಕೊಂದು ಮನೆ, ನಡುವೆ ಗುಡ್ಡ, ತೋಡು, ಕಾಡು. ಮಳೆಗಾಲದಲ್ಲಿ ಕುಮಾರಧಾರೆಯೂ ಪಯಸ್ವಿನಿಯೂ ತುಂಬಿ ಹರಿದರೆ ಆಚೆಯ ಮನೆ ಮತ್ತೂ ದೂರವಾಗುವದು. ನಾವೂ ಉದ್ದವಾದ ಗೋಡೆಯ ಮೇಲೆ ದೂರದೂರ ನಿಂತವರೇ. ಆದುದರಿಂದ ಆಸ್ತಿ, ಪ್ರಾಣ, ಭದ್ರತೆ ಎಂಬ ಮೂರು ವಿಷಯಗಳನ್ನು ದೇವರ ಮುಂದೆ ಇಟ್ಟು ಸ್ವಲ್ಪ ಆಲೋಚಿಸೋಣ.

ಒಂದನೆಯದು, ಆಸ್ತಿಯ ವಿಷಯ. ಅಡಿಕೆ ಸಸಿ ನೆಟ್ಟವನು ಮೊದಲನೆಯ ಗೊನೆಯನ್ನು ಕಾಣಲಿಕ್ಕೆ ಐದಾರು ವರುಷ ಕಾಯಬೇಕು. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಮೈಲುತುತ್ತೂ ಸುಣ್ಣವೂ ಕೂಡಿದ ಬೋರ್ಡೋ ದ್ರಾವಣವನ್ನು ಗೊನೆಗೊನೆಗೂ ಹೊಡೆಯಬೇಕು. ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಹಳದಿ ಎಲೆ ರೋಗವು ಅನೇಕ ವರುಷಗಳಿಂದ ತಿನ್ನುತ್ತಾ ಬಂದಿದೆ. ಇದೆಲ್ಲಾ ತಪ್ಪಿ ಉಳಿದದ್ದನ್ನು ಆನೆಗಳು ಒಂದೇ ರಾತ್ರಿಯಲ್ಲಿ ತುಳಿದುಹೋದರೆ ಗೃಹಸ್ಥನ ಹೊಟ್ಟೆ ಉರಿಯದೆ ಇರುವದೋ? ಬೆಳೆದ ಒಂದು ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಬೈನೆ, ಬಾಳೆ, ಹಲಸು ಅದಕ್ಕೆ ಪ್ರಿಯ. ಕಾಡಿನ ಅಂಚಿನ ತೋಟವು ಅದಕ್ಕೆ ಹಾಸಿದ ಎಲೆಯಂತಿರುವದು.

ಆಸ್ತಿಯನ್ನು ಕಾಯುವದು ಪಾಪವಲ್ಲ. ಕದಿಯಬಾರದೆಂದು ಆಜ್ಞಾಪಿಸಿದ ದೇವರು ಬಡವನ ಐವತ್ತು ಅಡಿಕೆ ಮರಗಳನ್ನೂ ಲೆಕ್ಕದಲ್ಲಿ ಇಟ್ಟಿದ್ದಾನೆ. ಆದರೆ ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಕರ್ತನು ಒಬ್ಬ ಬೇಸಾಯಗಾರನ ಸಾಮ್ಯವನ್ನು ಹೇಳಿದ್ದಾನೆ. ಅವನ ಭೂಮಿ ಚೆನ್ನಾಗಿ ಬೆಳೆಯಿತು. ಕಣಜ ಸಾಲದೆ ಹೋಯಿತು. ದೊಡ್ಡ ಕಣಜ ಕಟ್ಟುವೆನೆಂದು ಅವನು ಯೋಚಿಸಿದ ರಾತ್ರಿಯೇ ಅವನ ಪ್ರಾಣ ಹೋಯಿತು. ಅವನು ಹೆಚ್ಚಾಗಿ ಬೆಳೆದದ್ದು ಅಪರಾಧವಲ್ಲ. ಅವನ ಮಾತುಗಳನ್ನು ಎಣಿಸಿ ನೋಡಿರಿ: ನಾನು, ನನ್ನದು ಎಂಬದಲ್ಲದೆ ಮತ್ತೊಬ್ಬ ಮನುಷ್ಯನ ಸುದ್ದಿಯೇ ಅದರಲ್ಲಿಲ್ಲ. ಅವನು ತುಂಬಿದ ಕಣಜದ ಮಧ್ಯದಲ್ಲಿ ಒಂಟಿಯಾಗಿದ್ದನು.

ಆ ಒಂಟಿತನವು ನಮ್ಮಲ್ಲಿಯೂ ಉಂಟು. ನಾಲ್ಕು ಬಾಳೆಗಿಡ ಉಳಿಸುವದಕ್ಕಾಗಿ ಕತ್ತಲೆಯಲ್ಲಿ ಒಬ್ಬನೇ ಟಾರ್ಚು, ಗರ್ನಾಲು ಹಿಡಿದು ಆನೆಯ ಹಿಂದೆ ಹೋಗುವವರಿದ್ದಾರೆ. ಬಾಳೆಯ ಕಂದು ಮುಂದಿನ ವರುಷ ತಿರಿಗಿ ಎದ್ದೀತು. ಮನೆಯ ಯಜಮಾನನು ಎದ್ದಾನೋ? ಬೇಲಿಯ ತಂತಿಗೆ ಮನೆಯ ಕರೆಂಟನ್ನೇ ಕೊಡುವವರೂ ಅಲ್ಲಲ್ಲಿ ಇದ್ದಾರೆ. ಆ ತಂತಿಗೆ ಹಂದಿಯೋ ಆನೆಯೋ ನೆರೆಮನೆಯ ಮಗುವೋ ಎಂಬ ವಿವೇಕವಿಲ್ಲ. 1972ರ ವನ್ಯಜೀವಿ ಕಾನೂನಿನ ಪ್ರಕಾರ ಅದು ಅಪರಾಧವಾಗಿದೆ. ದೇವರ ದೃಷ್ಟಿಯಲ್ಲಿಯೂ ಅದು ನೆರೆಯವನ ದಾರಿಯಲ್ಲಿ ತೋಡಿದ ಕುಣಿಯೇ.

ಎರಡನೆಯದು, ಪ್ರಾಣದ ವಿಷಯ. 2023ನೆಯ ಇಸವಿ ಫೆಬ್ರವರಿ 20ರ ಬೆಳಿಗ್ಗೆ ಕಡಬ ತಾಲೂಕಿನ ರೆಂಜಿಲಾಡಿ ಗ್ರಾಮದಲ್ಲಿ ನಡೆದದ್ದನ್ನು ಈ ಸೀಮೆಯವರು ಮರೆಯಲಾರರು. ಹಾಲಿನ ಸೊಸೈಟಿಯ ಕೆಲಸಕ್ಕೆಂದು ನಡೆದು ಹೋಗುತ್ತಿದ್ದ ಒಬ್ಬ ಯುವತಿಯ ಮೇಲೆ ಕಾಡಾನೆ ಬಿದ್ದಿತು. ಆಕೆಯ ಕೂಗನ್ನು ಕೇಳಿ ಆ ನೆರೆಯ ಒಬ್ಬ ಗೃಹಸ್ಥನು ಬಿಡಿಸುವದಕ್ಕೆ ಓಡಿ ಬಂದನು. ಆನೆ ಅವನನ್ನೂ ಬಿಡಲಿಲ್ಲ. ಇಬ್ಬರೂ ಪ್ರಾಣಬಿಟ್ಟರು. ಮೂರು ದಿವಸಗಳಾದ ಮೇಲೆ ಪಳಗಿದ ಆನೆಗಳ ಸಹಾಯದಿಂದ ಅರಣ್ಯ ಇಲಾಖೆಯವರು ಅಲ್ಲಿ ಒಂದು ಕಾಡಾನೆಯನ್ನು ಹಿಡಿದರು.

ಆ ಗೃಹಸ್ಥನ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಅವನು ಓಡಿದ್ದು ತನ್ನ ತೋಟವನ್ನು ಉಳಿಸಲಿಕ್ಕಲ್ಲ. ಕೂಗಿದವರು ಯಾವ ಜಾತಿ, ಯಾವ ಮತ ಎಂದು ವಿಚಾರಿಸುವಷ್ಟು ಹೊತ್ತೂ ಅವನಿಗಿರಲಿಲ್ಲ. ಅವನಿಗೆ ಕಹಳೆ ಕೇಳಿಸಿತು, ಅವನು ಓಡಿದನು. ಸ್ನೇಹಿತರಿಗೋಸ್ಕರ ಪ್ರಾಣ ಕೊಡುವದಕ್ಕಿಂತ ದೊಡ್ಡ ಪ್ರೀತಿ ಇಲ್ಲವೆಂದು ನಮ್ಮ ಕರ್ತನು ಶಿಷ್ಯರಿಗೆ ಹೇಳಿದನಷ್ಟೆ. ಆ ಮಾತನ್ನು ಅನೇಕ ಸಾರಿ ಕೇಳಿದವರು ನಾವು. ಹಾಗಾದರೆ ನೆರೆಮನೆಯ ಕೂಗಿಗೆ ನಮ್ಮ ಬಾಗಿಲು ಎಷ್ಟು ಬೇಗ ತೆರೆಯುವದು? ಬೇಲಿಯ ಜಗಳವಿರುವ ಮನೆಯಿಂದ ಕೂಗು ಬಂದರೂ ತೆರೆಯುವದೋ?

ಇಲ್ಲಿ ಒಬ್ಬನು ಕೇಳಬಹುದು: ಸತ್ತವರು ಯಾವ ಪಾಪಮಾಡಿದ್ದರು? 2022ರ ಆಗಸ್ಟ್ 1ರ ಸಾಯಂಕಾಲ ಸುಬ್ರಹ್ಮಣ್ಯದಲ್ಲಿ ಗುಡ್ಡ ಜರಿದು ಮನೆಯ ಮೇಲೆ ಬಿದ್ದು ಇಬ್ಬರು ಎಳೆಯ ಹೆಣ್ಣುಮಕ್ಕಳು ಸತ್ತರು. ಅವರು ಏನು ಮಾಡಿದ್ದರು? ಇಂಥ ಪ್ರಶ್ನೆಗೆ ಕರ್ತನೇ ಉತ್ತರಕೊಟ್ಟಿದ್ದಾನೆ. ಸಿಲೋವದಲ್ಲಿ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಅಪರಾಧಿಗಳಲ್ಲವೆಂದು ಆತನು ಸ್ಪಷ್ಟವಾಗಿ ತಿಳಿಸಿ, ಬದುಕಿರುವವರೇ ತಮ್ಮ ಮಾರ್ಗವನ್ನು ತಿದ್ದಿಕೊಳ್ಳಬೇಕೆಂದು ಎಚ್ಚರಿಸಿದನು. ಆದಕಾರಣ ದುಃಖದ ಮನೆಯ ಅಂಗಳದಲ್ಲಿ ನಿಂತು ಪಾಪವನ್ನು ಹುಡುಕುವದು ಕ್ರೈಸ್ತನಿಗೆ ಸಲ್ಲದು. ನಮ್ಮ ಮನೆಯ ಹಿಂದೆ ಕಡಿದ ಬರೆ ಹೇಗಿದೆ, ಮಳೆಯ ನೀರು ಎಲ್ಲಿಗೆ ಹೋಗುವದು, ಬಡ ನೆರೆಯವನ ಮನೆ ಎಲ್ಲಿದೆ ಎಂದು ನೋಡುವದೇ ನಮ್ಮ ಕೆಲಸ.

ಮೂರನೆಯದು, ಭದ್ರತೆಯ ವಿಷಯ. ಕೆಲವರು ಭದ್ರತೆ ಕೋವಿಯಲ್ಲಿದೆ ಅನ್ನುತ್ತಾರೆ. ಕೆಲವರು ಅಗಳಿನಲ್ಲಿದೆ ಅನ್ನುತ್ತಾರೆ. ಕೆಲವರು ಎಲ್ಲವನ್ನೂ ಸರಕಾರವೇ ಮಾಡಲಿ ಅನ್ನುತ್ತಾರೆ. ಸರಕಾರವು ಮಾಡತಕ್ಕದ್ದನ್ನು ಕೇಳಿ ಮಾಡಿಸಿಕೊಳ್ಳುವದು ನ್ಯಾಯವೇ. ಆದರೂ ದೇವರು ಪಟ್ಟಣವನ್ನು ಕಾಯದಿದ್ದರೆ ಕಾವಲುಗಾರನ ಎಚ್ಚರ ವ್ಯರ್ಥವೆಂಬದು ಕೀರ್ತನೆಗಾರನ ಸಾಕ್ಷಿ. ದೇವರು ಕಾಯುವದು ಹೇಗೆ? ಹೆಚ್ಚಾಗಿ ಮನುಷ್ಯರ ಕೈಗಳಿಂದಲೇ.

ಸುಳ್ಯದ ಗಿರೀಶ ಭಾರದ್ವಾಜರ ಕೆಲಸವನ್ನು ನೆನಸಿರಿ. ಯಂತ್ರವಿದ್ಯೆ ಕಲಿತ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಒಂದು ತೂಗುಸೇತುವೆಯನ್ನು ಕಟ್ಟಿದರು. ಆ ಮೇಲೆ ನಮ್ಮ ದೇಶದ ಅನೇಕ ಹಳ್ಳಿಗಳಲ್ಲಿ ನೂರಕ್ಕೆ ಮೇಲ್ಪಟ್ಟು ಅಂಥ ಸೇತುವೆಗಳು ಅವರಿಂದಾದವು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರಕಿತು. ಸೇತುವೆಯೆಂದರೇನು? ಆಚೆಯ ಮನೆಯನ್ನು ಈಚೆಯ ಮನೆಗೆ ಹತ್ತಿರ ಮಾಡುವದು. ಹೆರಿಗೆಯ ನೋವಿನವಳೂ ಶಾಲೆಯ ಮಗುವೂ ಹೊಳೆಗೆ ಹೆದರದೆ ದಾಟುವದು. ಇದು ಕೋವಿಗಿಂತ ದೊಡ್ಡ ಭದ್ರತೆಯಲ್ಲವೋ?

ಇನ್ನೊಂದು ಸಂಗತಿಯನ್ನೂ ಕೇಳಿರಿ. ರೆಂಜಿಲಾಡಿಯ ದುಃಖವಾಗಿ ಎರಡು ತಿಂಗಳು ತುಂಬುವ ಮೊದಲೇ, 2023ರ ಎಪ್ರಿಲ್‌ನಲ್ಲಿ, ಸುಳ್ಯ ತಾಲೂಕಿನ ಅಜ್ಜಾವರದ ಒಂದು ತೋಟದ ಕೆರೆಯಲ್ಲಿ ನಾಲ್ಕು ಆನೆಗಳು ಬಿದ್ದವು. ಅವುಗಳಲ್ಲಿ ಮರಿಗಳೂ ಇದ್ದವು. ಬೆಳೆ ಕಳಕೊಂಡ ಊರಿನವರು ಸಾಯಲಿ ಎಂದು ಕೈಕಟ್ಟಿ ನಿಲ್ಲಬಹುದಾಗಿತ್ತು. ಹಾಗಾಗಲಿಲ್ಲ. ಅರಣ್ಯ ಇಲಾಖೆಯವರೂ ಊರವರೂ ಕೂಡಿ ದಂಡೆಯನ್ನು ಅಗೆದು, ದಾರಿಮಾಡಿ, ಅವುಗಳನ್ನು ಮೇಲಕ್ಕೆ ಹತ್ತಿಸಿದರು. ಕೂಡಿ ಅಗೆಯುವ ಕೈಗಳು ಒಂದು ಊರಿನಲ್ಲಿದ್ದರೆ ಅಲ್ಲಿ ಮನುಷ್ಯನಿಗೂ ಮೃಗಕ್ಕೂ ಬದುಕುವ ದಾರಿ ದೊರಕುವದು.

ಆದುದರಿಂದ ಪ್ರಿಯರೇ, ನಿಮ್ಮ ನಿಮ್ಮ ಸಭೆಯಲ್ಲಿಯೂ ನೆರೆಕರೆಯಲ್ಲಿಯೂ ಒಂದು ಕಹಳೆಯನ್ನು ನೇಮಿಸಿಕೊಳ್ಳಿರಿ. ನಸುಕಿನಲ್ಲಿ ಹಾಲು ಒಯ್ಯುವವರೂ ರಬ್ಬರ್ ಟ್ಯಾಪಿಂಗಿಗೆ ಹೋಗುವವರೂ ಒಬ್ಬೊಬ್ಬರಾಗಿ ಹೋಗದೆ ಜೊತೆಯಾಗಿ ಹೋಗಲಿ. ಆನೆಯ ಹೆಜ್ಜೆ ಕಂಡವನು ತನ್ನ ತೋಟ ದಾಟಿತೆಂದು ಸುಮ್ಮನಿರದೆ ಮುಂದಿನ ಮನೆಗೆ ಫೋನ್ ಮಾಡಲಿ. ಅರಣ್ಯ ಇಲಾಖೆಯ 1926 ಎಂಬ ಸಂಖ್ಯೆಯನ್ನು ಮಕ್ಕಳಿಗೂ ಕಲಿಸಿರಿ. ಬೆಂಗಳೂರಿಗೂ ಗಲ್ಫಿಗೂ ಹೋದ ಮಕ್ಕಳ ಮುದಿ ತಂದೆತಾಯಿಗಳು ಯಾವ ಮನೆಯಲ್ಲಿ ಒಂಟಿಯಾಗಿದ್ದಾರೆಂದು ತಿಳಿದುಕೊಂಡು, ದಿನಕ್ಕೊಂದು ಸಾರಿ ಅವರ ಬಾಗಿಲಲ್ಲಿ ನಿಂತು ಮಾತಾಡಿಸಿರಿ. ಮಳೆ ಬಿಡದೆ ಸುರಿಯುವ ರಾತ್ರಿ ಗುಡ್ಡದ ಬುಡದ ಮನೆಯವರನ್ನು ನಿಮ್ಮ ಚಾವಡಿಗೆ ಕರೆದುಕೊಳ್ಳಿರಿ. ಮಾತು ನಿಂತುಹೋದ ಮನೆ ಯಾವದಾದರೂ ಇದ್ದರೆ ಈ ವಾರದಲ್ಲಿಯೇ ಹೋಗಿ ಸಮಾಧಾನಮಾಡಿಕೊಳ್ಳಿರಿ. ಯಾಕಂದರೆ ಮಾತಿಲ್ಲದ ಮನೆಯವರು ಕಹಳೆ ಊದಲಾರರು, ಊದಿದರೂ ನಮಗೆ ಕೇಳಿಸದು.

ನಮ್ಮ ಮನೆಗಳು ಚದರಿಯೇ ಇರುವವು. ಈ ಸೀಮೆಯ ಗುಡ್ಡಗಳನ್ನು ಕರ್ತನು ಹಾಗೆಯೇ ಉಂಟುಮಾಡಿದ್ದಾನೆ. ನಮ್ಮ ಕಿವಿಗಳು ಮಾತ್ರ ಹತ್ತಿರವಾಗಿರಲಿ. ದಾರಿಯಲ್ಲಿ ಗಾಯಪಟ್ಟು ಬಿದ್ದವನನ್ನು ಕಂಡು ದಾಟಿಹೋಗದ ಸಮಾರ್ಯದವನ ಮನಸ್ಸನ್ನು ದಯಾಳುವಾದ ದೇವರು ನಮ್ಮೆಲ್ಲರಲ್ಲಿ ಹುಟ್ಟಿಸಿ, ನಮ್ಮ ಹೋಗೋಣವನ್ನೂ ಬರೋಣವನ್ನೂ ಕಾಪಾಡಲಿ. ಆಮೆನ್.