ಜಾವರ್‌ನ ಅದಿರು, ಜೈನರ ಪ್ರಶ್ನೆ

ಉದಯಪುರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಅರಾವಳಿ ಬೆಟ್ಟಗಳ ನಡುವೆ ಜಾವರ್ ಸಿಗುತ್ತದೆ. ಸೀಸ, ಸತುವಿನ ಗಣಿಗಳಿಗೆ ಹೆಸರಾದ ಊರು. ಅಲ್ಲೇ ಮಧ್ಯಯುಗದ ಜೈನ ದೇವಾಲಯಗಳೂ ಇವೆ. ಜೈನರ ಧರ್ಮಗ್ರಂಥಗಳಾದ ಆಗಮಗಳ ಪ್ರಕಾರ ನೆಲದೊಳಗಿನ ಮಣ್ಣು, ಕಲ್ಲು, ಲೋಹಗಳೆಲ್ಲ ಪೃಥ್ವೀಕಾಯ ಜೀವಗಳು, ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯಗಳು. ಅವುಗಳಲ್ಲೊಂದಾದ ಉತ್ತರಾಧ್ಯಯನ ಸೂತ್ರ ಅಂಥ ಜೀವಗಳ ಪಟ್ಟಿಯಲ್ಲಿ ಸೀಸದ ಹೆಸರನ್ನೇ ಹೇಳುತ್ತದೆ. ಶ್ರಾವಕರು, ಅಂದರೆ ಗೃಹಸ್ಥ ಜೈನರು, ದೂರವಿಡಬೇಕಾದ 15 ಕಸುಬುಗಳಲ್ಲಿ ನೆಲ ಅಗೆಯುವುದೂ ಸೇರಿದೆ. ಹಾಗಾದರೆ ಗಣಿಯ ಮಗ್ಗುಲಲ್ಲೇ ಗುಡಿ ಕಟ್ಟಿದವರು ತಮ್ಮ ಧರ್ಮಕ್ಕೆ ಏನೆಂದು ಉತ್ತರ ಕೊಟ್ಟರು?

ಮೊದಲು ಆ ಅದಿರಿನ ಹುಟ್ಟು ನೋಡಬೇಕು. ಇದರ ವಯಸ್ಸು ಸುಮಾರು 170 ಕೋಟಿ ವರ್ಷ. ಇಂದು ಬೆಟ್ಟವಿರುವ ಕಡೆ ಆಗ ಕಡಲಿತ್ತು. ಅದರ ತಳದ ಕೆಸರು ಗಟ್ಟಿಯಾಗಿ ಡಾಲಮೈಟ್ ಆಯಿತು. ಬಿಸಿಯಾದ ಉಪ್ಪುನೀರು ಲೋಹವನ್ನು ಕರಗಿಸಿಕೊಂಡು ಸಾಗಿ, ಗಂಧಕ ಸಿಕ್ಕಲ್ಲಿ ಅದನ್ನು ಸೀಸದ ಅದಿರಾದ ಗೆಲೀನಾ, ಸತುವಿನ ಅದಿರಾದ ಸ್ಫಾಲರೈಟ್‌ಗಳಾಗಿ ಇಳಿಸಿತು. ಮುಂದೆ ಪದರಗಳು ಮಡಿಚಿ ಮೇಲೆದ್ದವು. ಅದೇ ಅರಾವಳಿ ಶಿಲೆಗಳಲ್ಲಿ, ಉದಯಪುರದ ಹತ್ತಿರದ ಝಾಮರಕೋಟ್ರಾದಲ್ಲಿ, ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್‌ಗಳು ಈಗಲೂ ಕಣ್ಣಿಗೆ ಕಾಣುತ್ತವೆ. ಇದರಿಂದ ಆಗಮದ ಮಾತು ಸಾಬೀತಾಗುವುದಿಲ್ಲ, ಹಾಗೆ ಹೇಳಿಕೊಳ್ಳಲೂ ಬಾರದು. ಆದರೆ ಕಲ್ಲು ಬೇರೆ, ಜೀವ ಬೇರೆ ಎಂದು ಸಲೀಸಾಗಿ ಗೆರೆ ಎಳೆಯುವವರನ್ನು ಈ ಶಿಲೆಗಳು ತಡೆದು ನಿಲ್ಲಿಸುತ್ತವೆ.

ಈ ಅದಿರಿನಿಂದ ಲೋಹ ತೆಗೆಯುವುದೂ ಸುಲಭವಲ್ಲ. ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲೇ ಆವಿಯಾಗುತ್ತದೆ. ಅದಿರಿನಿಂದ ಅದನ್ನು ಬಿಡಿಸಲು ಅದಕ್ಕಿಂತ ಹೆಚ್ಚು ಕಾವು ಬೇಕು. ಹೊರಬಂದ ಆವಿಗೆ ಗಾಳಿ ತಗುಲಿದರೆ ಲೋಹ ಮತ್ತೆ ಬೂದಿ. ಜಾವರ್‌ನವರು ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳನ್ನು ಬಾಯಿ ಕೆಳಗಾಗಿ ಕುಲುಮೆಯಲ್ಲಿ ನಿಲ್ಲಿಸಿ, ಆವಿಯನ್ನು ಕೆಳಗಿನ ತಂಪು ಗೂಡಿಗೆ ಇಳಿಸಿದರು. 1983ರ ಉತ್ಖನನದಲ್ಲಿ ಸಿಕ್ಕ ಕುಲುಮೆಗಳಲ್ಲಿ ಒಂದೊಂದಕ್ಕೆ 36 ಮೂಸೆಗಳಿದ್ದವು. ಬಳಸಿ ಬಿಸಾಡಿದ ಮೂಸೆಗಳನ್ನೇ ಪೇರಿಸಿ ಅಲ್ಲಿ ಮನೆಗೋಡೆ ಎಬ್ಬಿಸಿದ್ದಾರೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಜೈನ ಧರ್ಮ ಗೃಹಸ್ಥನಿಂದ ಮುನಿಯ ಮಹಾವ್ರತವನ್ನು ಕೇಳುವುದಿಲ್ಲ. ಅವನಿಗೆ ಇರುವುದು ಚಿಕ್ಕ ವ್ರತಗಳಾದ ಅಣುವ್ರತ; ಪರಿಗ್ರಹಕ್ಕೆ, ಅಂದರೆ ಆಸ್ತಿ ಕೂಡಿಡುವುದಕ್ಕೆ, ಅವನು ತಾನೇ ಮಿತಿ ಹಾಕಿಕೊಳ್ಳಬೇಕು. ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ಬದುಕಬೇಕಾದರೆ ಹಿಂಸೆ ತಪ್ಪದು ಎಂದು ಒಪ್ಪಿಕೊಂಡು, ಅದಕ್ಕೆ ಲೆಕ್ಕ ಇಡುವ ದಾರಿ ಅದು. ಆದರೂ ಒಂದು ಬಿಗಿ ಉಳಿದೇ ಇದೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು, ಮೂರೂ ಕರ್ಮಕ್ಕೆ ದಾರಿ ಎನ್ನುತ್ತದೆ ಅದೇ ಶಾಸ್ತ್ರ. ಹಾರೆಯನ್ನು ಬೇರೆಯವರ ಕೈಗೆ ಕೊಟ್ಟ ಮಾತ್ರಕ್ಕೆ ವ್ಯಾಪಾರಿ ಪಾರಾಗುವುದಿಲ್ಲ, ಕೊಂಡವನೂ ಪಾರಾಗುವುದಿಲ್ಲ.

ಜಾವರ್‌ನಲ್ಲಿ ಇಂದಿಗೂ ಗಣಿಗಾರಿಕೆ ನಡೆದಿದೆ. ಚಾವಣಿಯ ತಗಡಿನ ಮೇಲಿನ ಸತುವಿನ ಲೇಪ, ಇನ್ವರ್ಟರ್ ಬ್ಯಾಟರಿಯ ಸೀಸ ಎಲ್ಲವೂ ಇಂಥದೇ ಯಾವುದೋ ನೆಲದಿಂದ ಬಂದದ್ದು. ಸೀಸವನ್ನು ಕರಗಿಸಿ ಮತ್ತೆ ಮತ್ತೆ ಬಳಸಬಹುದು. ಸತ್ತ ಬ್ಯಾಟರಿಯನ್ನು ಕಸಕ್ಕೆ ಎಸೆಯದೆ, ಸಿಕ್ಕಸಿಕ್ಕ ಗುಜರಿಗೂ ಹಾಕದೆ, ಹೊಸದು ಕೊಳ್ಳುವಾಗ ಅಂಗಡಿಗೇ ಹಿಂದಿರುಗಿಸಿ.