ದರ್ಜಿಗೆ ಕೊಡಲು ದುಡ್ಡಿಲ್ಲವೇ?

ಎರಡು ವರ್ಷಗಳ ಹಿಂದಿನ ರಮಝಾನ್ ತಿಂಗಳಲ್ಲಿ ನಾವು ನಮಗಾಗಿ ಒಂದು ಕುರ್ತಾ ಹೊಲಿದುಕೊಂಡೆವು. ಅಮ್ಮಿಯ ಕಾಲದ ಹೊಲಿಗೆ ಮೆಷಿನ್ನು ಹಿಂದಿನ ಕೋಣೆಯಲ್ಲಿ ಧೂಳು ಹಿಡಿದು ಕೂತಿತ್ತು. ಅದಕ್ಕೆ ಎಣ್ಣೆ ಬಿಟ್ಟು, ಹೊಸ ಬೆಲ್ಟು ಹಾಕಿಸಿ, ತರಾವೀಹ್ ಮುಗಿಸಿ ಬಂದ ಮೇಲೆ ದಿನಕ್ಕೊಂದು ಗಂಟೆ ಕುಳಿತೆವು. ಹದಿನೆಂಟು ದಿನ ಹಿಡಿಯಿತು. ಈದ್‌ನಂದು ಅದನ್ನೇ ತೊಟ್ಟು ಈದ್ಗಾಹ್‌ಗೆ ಹೋದಾಗ, ಅಪ್ಪಿಕೊಂಡು ಮುಬಾರಕ್ ಹೇಳಿದ ಹಳೆಯ ಗೆಳೆಯನ ಕಣ್ಣು ಸೊಟ್ಟಗಿದ್ದ ಕತ್ತಿನ ಪಟ್ಟಿಯ ಮೇಲೆ ಬಿತ್ತು. ನಾವೇ ಹೊಲಿದದ್ದು ಎಂದೆವು. "ಯಾಕೆ ಭಾಯಿ, ದರ್ಜಿಗೆ ಕೊಡಲು ದುಡ್ಡಿಲ್ವಾ?" ಎಂದು ಅವನು ನಕ್ಕ. ನಾವೂ ನಕ್ಕೆವು. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ.

ಗೆಳೆಯನ ತಮಾಷೆಯೊಳಗೆ ನಮ್ಮ ಕಾಲದ ಒಂದು ಗಟ್ಟಿ ನಂಬಿಕೆಯಿದೆ. ಮನುಷ್ಯ ಒಂದು ಕೆಲಸ ಮಾಡಿದರೆ ದುಡ್ಡು ಗಳಿಸಲು ಮಾಡಬೇಕು, ಇಲ್ಲವೇ ದುಡ್ಡು ಉಳಿಸಲು ಮಾಡಬೇಕು. ಮೂರನೆಯ ಕಾರಣವೊಂದು ಇರಬಹುದೆಂದು ನಮಗೆ ಹೊಳೆಯುವುದೇ ಇಲ್ಲ. ನಿಜ ಹೇಳಬೇಕೆಂದರೆ ನಮಗೆ ಉಳಿತಾಯವೂ ಆಗಲಿಲ್ಲ. ಬಟ್ಟೆ, ದಾರ, ಗುಂಡಿ, ಮೆಷಿನ್ನಿನ ರಿಪೇರಿ ಎಲ್ಲ ಸೇರಿಸಿದರೆ ಅದಕ್ಕಿಂತ ಕಡಿಮೆ ಬೆಲೆಗೆ ಅಂಗಡಿಯಲ್ಲಿ ಸಿದ್ಧ ಕುರ್ತಾ ಸಿಗುತ್ತಿತ್ತು. ಹಾಗಾದರೆ ಇದು ಬರೀ ಷೋಕಿಯೇ? ವ್ಯರ್ಥವಾದುದರಿಂದ ದೂರವಿರುವುದು ವಿಶ್ವಾಸಿಯ ಲಕ್ಷಣವೆಂದು ಕುರ್‌ಆನ್ ಕಲಿಸುತ್ತದೆ. ಅದರಲ್ಲೂ ರಮಝಾನಿನ ರಾತ್ರಿಗಳನ್ನು ಸೂಜಿಯ ಮುಂದೆ ಕಳೆದದ್ದು ಸರಿಯೇ? ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳಲಾರೆವು.

ನಾವು ಚಿಕ್ಕವರಿದ್ದಾಗ ಒಂದು ಮನೆಗೆ ಹೊಲಿಗೆ ಮೆಷಿನ್ನು ಬರಲು ಎರಡೇ ದಾರಿಗಳಿದ್ದವು. ಒಂದು, ಮದುವೆಯ ಜಹೇಜಿನ ಸಾಮಾನಿನ ಜೊತೆ. ಇನ್ನೊಂದು, ಗಂಡ ತೀರಿಕೊಂಡ ಮೇಲೆ ಯಾರೋ ಪುಣ್ಯವಂತರ ಝಕಾತಿನ ಹಣದಿಂದ. ಅಂದರೆ ಹೆಣ್ಣಿನ ಪಾಲಿಗೆ ಸೂಜಿ ಒಂದೋ ಕರ್ತವ್ಯ, ಇಲ್ಲವೇ ಕಷ್ಟ. ಅಮ್ಮಿ ಒಂದೇ ಥಾನಿನ ಬಟ್ಟೆಯಲ್ಲಿ ನಾಲ್ಕೂ ಮಕ್ಕಳಿಗೆ ಹೊಲಿಯುತ್ತಿದ್ದರು. ಹಬ್ಬದ ದಿನ ನಾವು ಬ್ಯಾಂಡ್‌ಸೆಟ್ಟಿನವರಂತೆ ಸಾಲಾಗಿ ಹೊರಡುತ್ತಿದ್ದೆವು. ಉಳಿದ ಚೂರುಗಳು ಕೌದಿಯಾಗುತ್ತಿದ್ದವು. ಈ ಕೆಲಸ ನಿನಗೆ ಇಷ್ಟವೇ ಎಂದು ಅವರನ್ನು ಕೇಳಿದವರಿಲ್ಲ. ಆದರೆ ಅವರು ತೀರಿಕೊಂಡ ನಂತರ ಅವರ ಬಟ್ಟೆಗಳನ್ನು ಮಡಚಿಡುವಾಗ ನಮಗೊಂದು ವಿಷಯ ತಿಳಿಯಿತು. ತಮಗಾಗಿ ಹೊಲಿದುಕೊಂಡ ಪ್ರತಿ ಕಮೀಜಿನ ತೋಳಿನ ಒಳಮಡಿಕೆಯಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಅವರು ಹಸಿರು ದಾರದಿಂದ ಒಂದು ಸಣ್ಣ ಎಲೆ ಹಾಕಿದ್ದರು. ಅದನ್ನು ಯಾರೂ ಕೇಳಿರಲಿಲ್ಲ, ಅದರಿಂದ ಬಟ್ಟೆ ಹೆಚ್ಚು ದಿನ ಬಾಳುತ್ತಲೂ ಇರಲಿಲ್ಲ. ಗೆಳೆಯನಿಗೆ ಹೊಳೆಯದ ಮೂರನೆಯ ಕಾರಣ ಆ ಎಲೆಯಲ್ಲಿತ್ತು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡುಗಳಿಂದ ಕವಂದಿ ಹೊಲಿಯುತ್ತಾರೆ. ಹಿಂದೂ, ಮುಸ್ಲಿಮ್, ಕ್ರೈಸ್ತ ಸಿದ್ದಿಗಳೆಲ್ಲರ ಮನೆಗಳಲ್ಲೂ ಇದುಂಟು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನ ಕಡೆಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ಸಣ್ಣ 'ಫುಲಾ'ಗಳನ್ನು ಹಚ್ಚುತ್ತಾರೆ. ಫುಲಾ ಇಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಮಾತು. ಚಳಿ ತಡೆಯಲು ಫುಲಾ ಬೇಕಿಲ್ಲ. ಆದರೂ ಬಡತನದ ಆ ಹೊದಿಕೆಗೆ ಅದು ಬೇಕೇ ಬೇಕು. ಹೊಟ್ಟೆ ತುಂಬಿದವರಿಗೆ ಮಾತ್ರ ಅಂದದ ಹಂಬಲ ಎಂದು ಹೇಳುವವರು ಈ ಕವಂದಿಯನ್ನೊಮ್ಮೆ ನೋಡಬೇಕು.

ಧರ್ಮದ ಕಡೆಯಿಂದ ನೋಡೋಣ. ಪ್ರವಾದಿ(ಸ)ಯವರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ ಹಝ್ರತ್ ಆಯಿಶಾ(ರ), ಅವರು ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಚಪ್ಪಲಿಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು ಎಂದು ತಿಳಿಸಿದ್ದು ಹದೀಸ್‌ಗಳಲ್ಲಿದೆ. ಖುತ್‌ಬಾಗಳಲ್ಲಿ ಇದನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ, ಅವರ ಸರಳತೆಗೆ ತಲೆದೂಗಿದ್ದೇವೆ, ಮನೆಗೆ ಬಂದು ಗುಂಡಿ ಕಿತ್ತ ಅಂಗಿಯನ್ನು ಹೆಂಡತಿಯ ಮುಂದೆ ಎಸೆದಿದ್ದೇವೆ. ಹೊಲಿದುಕೊಡುವ ಕೈಗಳು ಅವರಿಗೆ ಕಡಿಮೆಯಿದ್ದವೇ? ಒಂದು ಮಾತು ಸಾಕಿತ್ತು, ಮದೀನಾದ ಯಾವ ಮನೆಯೂ ಸಂತೋಷದಿಂದ ಹೊಲಿದುಕೊಡುತ್ತಿತ್ತು. ಆದರೂ ಅವರೇ ಸೂಜಿ ಹಿಡಿದರು. ಮೊದಲು ಬಟ್ಟೆ ಹೊಲಿದವರು ಪ್ರವಾದಿ ಇದ್ರೀಸ್(ಅ) ಎಂಬ ಪರಂಪರೆಯ ನಂಬಿಕೆ ಮುಸ್ಲಿಮ್ ದರ್ಜಿಗಳಲ್ಲಿದೆ. ನಮ್ಮ ಕನ್ನಡ ನಾಡಿನ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಹೆಸರೇ ಇದೆ. ಉಡುಪು ಮಾನ ಮುಚ್ಚಲೂ ಹೌದು, ಅಲಂಕಾರಕ್ಕೂ ಹೌದು ಎಂದು ಕುರ್‌ಆನ್ ಎರಡನ್ನೂ ಒಪ್ಪುತ್ತದೆ. ಎಲ್ಲಕ್ಕಿಂತ ಮೇಲಿನದು ಭಯಭಕ್ತಿಯ ಉಡುಪು ಎಂದು ಎಚ್ಚರಿಸುತ್ತದೆ. ಎಚ್ಚರಿಕೆ ಇರುವುದು ಅಹಂಕಾರಕ್ಕೆ, ಅಂದಕ್ಕಲ್ಲ.

ಹೊಲಿಯಲು ಕುಳಿತವನಿಗೆ ಅಹಂಕಾರಪಡಲು ಬಿಡುವೂ ಇರುವುದಿಲ್ಲ. ನಾವು ಆರಿಸಿಕೊಂಡದ್ದು ಹಳೆಯ ಕಾಲದ ಕಲಿದಾರ್ ಕುರ್ತಾ. ಎದೆಗೂ ಬೆನ್ನಿಗೂ ನಡುವೆ ಒಂದೇ ಉದ್ದನೆಯ ಪಟ್ಟಿ, ಎರಡು ನೇರ ತೋಳು, ಪಕ್ಕಕ್ಕೆ ಬಟ್ಟೆಯನ್ನು ಓರೆಯಾಗಿ ಸೀಳಿ ಮಾಡಿದ ಕಲಿಗಳು, ಕಂಕುಳಿಗೆ ಅಂಗೈಯಗಲದ ಚೌಬಗ್ಲಾ. ನೇಯ್ದ ಬಟ್ಟೆಯನ್ನು ಒಂದಿಷ್ಟೂ ಹಾಳು ಮಾಡಬಾರದೆಂದು ಯಾರೋ ತಲೆಮಾರುಗಳ ಹಿಂದೆ ಯೋಚಿಸಿದ್ದಾರೆ. ಆ ಪುಟ್ಟ ಚೌಕವನ್ನು ನಾವು ಎರಡು ಬಾರಿ ಒಳಹೊರಗು ತಪ್ಪಿಸಿ ಎರಡು ಬಾರಿ ಬಿಚ್ಚಿದೆವು. ಅಳತೆ ತೆಗೆದುಕೊಳ್ಳುವಾಗ ನಮ್ಮ ಬಲ ಭುಜ ಎಡಕ್ಕಿಂತ ತಗ್ಗಾಗಿದೆ ಎಂಬುದು ಮೊದಲ ಬಾರಿಗೆ ಗೊತ್ತಾಯಿತು. ಇಪ್ಪತ್ತು ವರ್ಷಗಳಿಂದ ನಮಗೆ ಹೊಲಿದುಕೊಟ್ಟ ದರ್ಜಿ ಚಾಚಾ ಅದನ್ನು ಒಂದು ಮಾತೂ ಆಡದೆ ಮುಚ್ಚಿಟ್ಟಿದ್ದರು! ನಾವೋ ಪ್ರತಿ ಸಲವೂ ಅವರ ಕೂಲಿಯಲ್ಲಿ ಚೌಕಾಸಿ ಮಾಡಿದ್ದೆವು.

ಇಲ್ಲಿಂದ ಪ್ರಶ್ನೆ ದೊಡ್ಡದಾಗುತ್ತದೆ. ಅಂಗಡಿಯ ಸಿದ್ಧ ಅಂಗಿ ಅಷ್ಟು ಅಗ್ಗವಾಗಿದ್ದರೆ ಆ ಹದಿನೆಂಟು ಗಂಟೆಗಳ ಬೆಲೆಯನ್ನು ತೆತ್ತವರು ಯಾರು? 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಸಾವರ್‌ನಲ್ಲಿ ರಾಣಾ ಪ್ಲಾಝಾ ಕಟ್ಟಡ ಕುಸಿದು 1,134 ಮಂದಿ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು, ಆದರೂ ಕೆಲಸಗಾರರನ್ನು ಒಳಗೆ ಕಳುಹಿಸಲಾಗಿತ್ತು. ದೂರದ ಮಾತೇಕೆ, 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಬೀದಿಗಿಳಿದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸರಕಾರ ಅದನ್ನು ಹಿಂತೆಗೆದುಕೊಳ್ಳುವಂತೆ ಮಾಡಿದರು. ಅಂಥ ಕಾರ್ಖಾನೆಯ ಸಾಲಿನಲ್ಲಿ ಒಬ್ಬಳು ದಿನವಿಡೀ ಕಾಲರ್ ಮಾತ್ರ ಹಚ್ಚುತ್ತಾಳೆ, ಇನ್ನೊಬ್ಬಳು ಜೇಬು ಮಾತ್ರ. ಗಂಟೆಗೆ ಇಷ್ಟೆಂಬ ಲೆಕ್ಕ ತಲೆಯ ಮೇಲೆ ತೂಗುತ್ತಿರುತ್ತದೆ. ವರ್ಷಕ್ಕೆ ಸಾವಿರಾರು ಅಂಗಿಗಳನ್ನು ಮುಟ್ಟುವ ಆ ಕೈ ಒಂದು ಅಂಗಿಯನ್ನೂ ಮೊದಲಿನಿಂದ ಕೊನೆಯವರೆಗೆ ಹೊಲಿದಿರುವುದಿಲ್ಲ.

ಹಾಗಿರುವಾಗ ನಮ್ಮ ಹವ್ಯಾಸ ಬಿಡುವಿದ್ದವರ ಸುಖವಲ್ಲವೇ? ಹೌದು, ಅದನ್ನು ಒಪ್ಪಿಕೊಳ್ಳಬೇಕು. ದರ್ಜಿಯ ಅನ್ನಕ್ಕೆ ಕಲ್ಲು ಹಾಕಿದಂತಲ್ಲವೇ? ಇದಕ್ಕೆ ನಮ್ಮ ಅನುಭವ ಬೇರೆ ಹೇಳುತ್ತದೆ. ಸಿದ್ಧ ಉಡುಪು ಬಂದ ಮೇಲೆ ನಮ್ಮೂರಿನ ದರ್ಜಿಗಳು ಹೆಚ್ಚಾಗಿ ಪ್ಯಾಂಟಿನ ಉದ್ದ ಕತ್ತರಿಸುವವರಾಗಿ ಉಳಿದಿದ್ದಾರೆ. ಸೊಟ್ಟ ಪಟ್ಟಿಯ ಕುರ್ತಾ ಹಿಡಿದು ನಾವು ಚಾಚಾನ ಅಂಗಡಿಗೆ ಹೋದಾಗ ಅವರು ನಗಲಿಲ್ಲ. ಕನ್ನಡಕ ಏರಿಸಿಕೊಂಡು ಹೊಲಿಗೆಯನ್ನು ಒಳಗಿನಿಂದ ತಿರುಗಿಸಿ ನೋಡಿದರು, ಕಚ್ಚಾ ಟಾಕಾ ಹಾಕದೆ ನೇರ ಮೆಷಿನ್ನಿಗೆ ಕೊಟ್ಟಿದ್ದೀರಿ ಎಂದರು. ಅರ್ಧ ಗಂಟೆ ಪಾಠವಾಯಿತು. ಈಗಲೂ ನಾವು ಅವರಲ್ಲಿ ಹೊಲಿಸುತ್ತೇವೆ. ಆದರೆ ಕೂಲಿಯಲ್ಲಿ ಚೌಕಾಸಿ ಮಾಡುವುದು ನಮ್ಮಿಂದ ಸಾಧ್ಯವಾಗುತ್ತಿಲ್ಲ. ಕೆಲಸವನ್ನು ಕೈಯಾರೆ ಮಾಡಿದವನಿಗೆ ಮಾತ್ರ ಕೆಲಸಗಾರನ ಬೆಲೆ ಪೂರ್ತಿಯಾಗಿ ತಿಳಿಯುತ್ತದೆ.

ಆದ್ದರಿಂದ ಪ್ರಶ್ನೆ, ನಾವು ಆ ಸುಖವನ್ನು ಬಿಡಬೇಕೇ ಎಂಬುದಲ್ಲ. ಅದು ಕೆಲವರಿಗೆ ಮಾತ್ರ ಏಕೆ ಸಿಗುತ್ತಿದೆ ಎಂಬುದು. ದಿನದ ಒಂದು ಪಾಲು ಮಾಲೀಕನದೂ ಅಲ್ಲದೆ ಮನೆಮಂದಿಯದೂ ಅಲ್ಲದೆ ತನ್ನದಾಗಿ ಉಳಿಯುವುದು, ಆ ಹೊತ್ತಿನಲ್ಲಿ ತನ್ನ ಇಷ್ಟದ ಬಣ್ಣವನ್ನು ತನ್ನ ಅಳತೆಗೆ ಹೊಲಿದುಕೊಳ್ಳುವುದು ಪ್ರತಿ ಮನುಷ್ಯನ ಹಕ್ಕು ಎಂದು ನಮಗೆ ಅನ್ನಿಸುತ್ತದೆ. ಗಾರ್ಮೆಂಟ್ಸಿನಿಂದ ರಾತ್ರಿ ಮನೆಗೆ ಬರುವ ಹೆಣ್ಣುಮಗಳಿಗೂ ಇದು ಸಿಗಬೇಕು.

ನಮ್ಮ ಸಂಘ ಸಂಸ್ಥೆಗಳು ಇಂದಿಗೂ ಬಡ ಹೆಂಗಸರಿಗೆ ಹೊಲಿಗೆ ಮೆಷಿನ್ನು ಹಂಚುತ್ತವೆ. ಒಳ್ಳೆಯ ಕೆಲಸ. ಅವರಲ್ಲಿ ನಮ್ಮದೊಂದು ಸಣ್ಣ ಬೇಡಿಕೆ. ಮೆಷಿನ್ನಿನ ಜೊತೆಗೆ ಅವರೇ ಆರಿಸಿಕೊಂಡ ಬಣ್ಣದ ಬಟ್ಟೆಯನ್ನೂ ಒಂದು ಜೊತೆಗಾಗುವಷ್ಟು ಕೊಡಿ. "ಆಪಾ, ಗಿರಾಕಿಗಳದು ಆಮೇಲೆ. ಮೊದಲು ಇದನ್ನು ನಿಮಗೆ ಹೊಲಿದುಕೊಳ್ಳಿ" ಎಂದು ಹೇಳಿ. ಖರ್ಚು ಹೆಚ್ಚೇನೂ ಆಗದು.

ಗೆಳೆಯನಿಗೂ ಉತ್ತರ ಸಿಕ್ಕಿದೆ. ದರ್ಜಿಗೆ ಕೊಡಲು ದುಡ್ಡಿತ್ತು. ಅಷ್ಟು ವರ್ಷ ಸಾಕಷ್ಟು ಕೊಟ್ಟಿರಲಿಲ್ಲ ಎಂಬುದು ಹೊಲಿದ ಮೇಲೆ ಗೊತ್ತಾಯಿತು.